ಇಗರ್ಜಿಗೂ ನುಡಿಸುವ, ಭಜನೆಗೂ ನುಡಿಸುವ ಮಗ: ತಾಯಿಯೊಬ್ಬರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾವು ಕಾಸರಗೋಡಿನ ಬೇಳ ಹತ್ತಿರದವರು, ಕೊಂಕಣಿ ಕಥೋಲಿಕರು. ಮಗ ಪ್ಲಸ್ ಒನ್ ಓದ್ತಿದ್ದಾನೆ. ಆರನೇ ಕ್ಲಾಸಿನಿಂದ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಕೀಬೋರ್ಡ್ ನುಡಿಸ್ತಾನೆ. ಹೋದ ವರ್ಷದಿಂದ ರೋಸ್ (ಮದುವೆಯ ಮುಂಚಿನ ಶಾಸ್ತ್ರ), ರಿಸೆಪ್ಶನ್ ಅಂತ ಮದುವೆಗಳಿಗೆ ಹೋಗುವ ಒಂದು ಟ್ರೂಪಿನ ಜೊತೆಗೂ ಹೋಗ್ತಾನೆ, ದುಡ್ಡು ಕೊಡ್ತಾರೆ. ಮನೆ ಎದುರಿನ ಭಜನಾ ಮಂದಿರದಲ್ಲಿ ಹಾರ್ಮೋನಿಯಂನವರು ಬಾರದ ಶನಿವಾರ ಇವನನ್ನೇ ಕರೀತಾರೆ. ನನ್ನ ನಾದಿನಿ ಈಗ ಒಂದು ಪ್ರಾರ್ಥನಾ ಕೂಟಕ್ಕೆ ಸೇರಿದ್ದಾಳೆ. ಸಿನಿಮಾ ಹಾಡು, ಡ್ರಮ್ಸ್ ಎಲ್ಲ ಸೈತಾನನದ್ದು, ಭಜನೆಗೆ ನುಡಿಸಿದ ಕೈಯಲ್ಲಿ ಇಗರ್ಜಿಯ ಪೂಜೆಗೆ (ಮಾಸ್‌ಗೆ) ನುಡಿಸಬಾರದು ಅಂತ ಅವನ ಮುಂದೆಯೇ ಹೇಳಿದಳು. ಅತ್ತೆಯವರಿಗೆ ಈಸ್ಟರ್‌ಗೆ ಮುಂಚಿನ ತಪಸ್ಸು ಕಾಲದಲ್ಲಿ ಮನೆಯಲ್ಲಿ ಹಾಡೇ ಕೇಳಬಾರದು, ಅಭ್ಯಾಸಕ್ಕೂ ಬಿಡುವುದಿಲ್ಲ. ಇಗರ್ಜಿಯಲ್ಲಿ ಯುವಕರು ಟ್ರ್ಯಾಕ್ (ಮೊದಲೇ ರೆಕಾರ್ಡ್ ಮಾಡಿದ ವಾದ್ಯಸಂಗೀತ) ಹಾಕಿ ಹಾಡೋಣ ಅಂತ, ಹಿರಿಯರು ಹಳೇ ಹಾಡೇ ಸಾಕು ಅಂತ ಎರಡು ಪಂಗಡ ಆಗಿದೆ. ಮಗ ಮಾತು ಕಡಿಮೆ ಮಾಡಿದ್ದಾನೆ, ‘ಎಲ್ಲ ಬಿಟ್ಟುಬಿಡ್ತೇನೆ’ ಅಂತಾನೆ. ನಮ್ಮ ಧರ್ಮ ಸಂಗೀತದ ಬಗ್ಗೆ ನಿಜವಾಗಿ ಏನು ಹೇಳ್ತದೆ? ಅವನಿಗೆ ಏನು ಹೇಳಲಿ? ಹೊಸ ಕೀಬೋರ್ಡ್ ಕೇಳ್ತಿದ್ದ, ತೆಗೆದುಕೊಡಬಹುದಾ?

ಉತ್ತರ: ಮೊದಲು ಹುಡುಗನ ವಿಷಯ. ಹದಿನಾರರ ಪ್ರಾಯದವನು ‘ಎಲ್ಲ ಬಿಡ್ತೇನೆ’ ಎಂದರೆ ಅವನಿಗೆ ಸಂಗೀತ ಸಾಕಾಗಿದೆ ಎಂದು ತಿಳಿಯಬೇಡಿ. ನಾಲ್ವರು ದೊಡ್ಡವರು ನಾಲ್ಕು ಕಡೆಯಿಂದ ಎಳೆದಾಗ ಮಕ್ಕಳು ಹಾಗೆ ಹೇಳುತ್ತಾರೆ. ನೀವು ಬರೆದದ್ದರಲ್ಲಿ ಅವನು ಮಾಡಿದ ತಪ್ಪು ಒಂದೂ ನನಗೆ ಕಾಣಲಿಲ್ಲ. ಅದನ್ನು ಅವನಿಗೆ ಇವತ್ತೇ ಹೇಳಿ. ಉಳಿದದ್ದನ್ನು ನಿಧಾನಕ್ಕೆ ನೋಡುವಾ.

ನಾನು ದೇವಶಾಸ್ತ್ರ ಪಂಡಿತನಲ್ಲ. ಮಂಜೇಶ್ವರದಿಂದ ಉಕ್ಕಿನಡ್ಕದವರೆಗಿನ ಗಾಯನ ಮಂಡಳಿಗಳಿಗೆ ಪೂಜೆಯ ಹಾಡು ಕಲಿಸುತ್ತಾ ಬಂದವನು. ನಿಮ್ಮ ಮನೆಯಲ್ಲೂ ಇಗರ್ಜಿಯಲ್ಲೂ ಜಗಳ ನಡೆಯುತ್ತಿರುವುದು ‘ಯಾವ ಹಾಡು, ಯಾವ ವಾದ್ಯ’ ಎಂಬುದರ ಮೇಲೆ. ನನಗೆ ಚಿಂತೆ ಹುಟ್ಟಿಸುವುದು ಬೇರೆಯೇ. ನಮ್ಮ ಇಗರ್ಜಿಗಳಲ್ಲಿ ಬೆಂಚಿನ ಮೇಲೆ ಕೂತವರು ಹಾಡುವುದನ್ನೇ ಬಿಡುತ್ತಿದ್ದಾರೆ. ಅದು ನಿಂತರೆ ಆಮೇಲೆ ಲ್ಯಾಟಿನ್ ಪೂಜೆಯ ಹಳೆಯ ಗ್ರೆಗೋರಿಯನ್ ಗಾನ ಬಂದರೇನು, ಗಿಟಾರ್ ಬಂದರೇನು?

ನಿಮ್ಮ ನಾದಿನಿಯ ಮಾತಿಗೆ ಬರುತ್ತೇನೆ. ಡ್ರಮ್ಸ್ ಸೈತಾನನದ್ದು ಎನ್ನುವವರು 150ನೇ ಕೀರ್ತನೆಯನ್ನು ಒಮ್ಮೆ ಗಟ್ಟಿಯಾಗಿ ಓದಬೇಕು. ಕೊಂಬು, ಕಿನ್ನರಿ, ತಂತಿವಾದ್ಯ, ಕೊಳಲು, ದಮ್ಮಡಿ, ಝಣಝಣಿಸುವ ತಾಳ, ಎಲ್ಲವೂ ಅಲ್ಲಿ ದೇವರ ಸ್ತುತಿಗೆ ಬಂದಿವೆ. ಸೌಲ ಅರಸನ ಮೇಲೆ ದುರಾತ್ಮ ಬಂದಾಗ ದಾವೀದ ಕಿನ್ನರಿ ನುಡಿಸಿದ್ದು, ಅದರಿಂದ ಅರಸನಿಗೆ ನೆಮ್ಮದಿಯಾದದ್ದು ಸಮುವೇಲನ ಮೊದಲ ಗ್ರಂಥದಲ್ಲಿದೆ. ಸಂಗೀತ ಸೈತಾನನನ್ನು ಓಡಿಸಿದ ಕಥೆ ಅದು. ಯೇಸು ಮತ್ತು ಶಿಷ್ಯರು ಕಡೆಯ ಭೋಜನ ಮುಗಿಸಿ ಓಲಿವ್ ಗುಡ್ಡಕ್ಕೆ ಹೊರಟದ್ದೂ ಹಾಡು ಹಾಡಿಯೇ ಎಂದು ಮತ್ತಾಯ ಬರೆದಿದ್ದಾನೆ. ಪೌಲ ಸೀಲರು ಕಾಲಿಗೆ ಕೋಳ ಹಾಕಿಸಿಕೊಂಡು ಸೆರೆಮನೆಯಲ್ಲಿ ನಡುರಾತ್ರಿ ಹಾಡಿದರು.

ಹಾಗಂತ ನಾದಿನಿಯನ್ನು ಹೀಗಳೆಯಬೇಡಿ. ಈ ಹೆದರಿಕೆ ಕ್ರೈಸ್ತರಲ್ಲಿ ಮೊದಲ ಶತಮಾನಗಳಿಂದ ಇದೆ. ಆಗಿನ ಸಭಾಪಿತೃಗಳು (ಆದಿ ಕ್ರೈಸ್ತ ಗುರುಗಳು) ಅನೇಕರು ಆರಾಧನೆಯಲ್ಲಿ ವಾದ್ಯ ಬೇಡವೆಂದರು. ರೋಮನ್ನರ ನಾಟಕಶಾಲೆಯಲ್ಲಿ, ಮದ್ಯದ ಕೂಟಗಳಲ್ಲಿ, ಅನ್ಯ ದೇವತೆಗಳ ಬಲಿಯಲ್ಲಿ ಬಾರಿಸುತ್ತಿದ್ದ ವಾದ್ಯಗಳು ಅವು. ಕೇಳಿದವರಿಗೆ ಅದೇ ನೆನಪಾಗುತ್ತಿತ್ತು. ಪೂರ್ವದ ಆರ್ಥಡಾಕ್ಸ್ ಸಭೆಗಳು (ಚರ್ಚುಗಳು) ಬಹುಪಾಲು ಇವತ್ತಿಗೂ ಬರೀ ಕಂಠದಲ್ಲೇ ಹಾಡುತ್ತವೆ. ಪ್ರೊಟೆಸ್ಟಂಟ್ ಸುಧಾರಣೆಯ ಕಾಲದಲ್ಲಿ ಜ್ಯೂರಿಕ್‌ನ ಜ್ವಿಂಗ್ಲಿ ಸ್ವತಃ ಹಲವು ವಾದ್ಯ ನುಡಿಸಬಲ್ಲವರಾಗಿದ್ದೂ ಆರಾಧನೆಯಿಂದ ಸಂಗೀತವನ್ನೇ ಹೊರಗಿಟ್ಟರು. ಜಿನೀವಾದಲ್ಲಿ ಕ್ಯಾಲ್ವಿನ್ ಕೀರ್ತನೆಗಳನ್ನು ಮಾತ್ರ, ವಾದ್ಯವಿಲ್ಲದೆ, ಒಂದೇ ಸ್ವರಸಾಲಿನಲ್ಲಿ ಹಾಡಿಸಿದರು. ಈ ಸುಧಾರಕರ ಮುಖ್ಯ ಹೆದರಿಕೆ ಚರ್ಮದ ವಾದ್ಯದೊಳಗಿನ ಪಿಶಾಚಿಯದ್ದಲ್ಲ. ನಾದದ ಸೊಗಸಿನಲ್ಲಿ ಮನಸ್ಸು ಮಾತನ್ನು ಮರೆಯುತ್ತದೆ ಎಂಬುದೇ ಅವರ ದೂರು.

ಗಾಯನ ಮಂಡಳಿಯ ಕೋಣೆಗಳಲ್ಲಿ ‘ಹಾಡುವವನು ಎರಡು ಸಲ ಪ್ರಾರ್ಥಿಸುತ್ತಾನೆ’ ಎಂಬ ವಾಕ್ಯ ಸಂತ ಆಗಸ್ಟೀನರ ಹೆಸರಿನಲ್ಲಿ ತೂಗುತ್ತಿರುತ್ತದೆ. ಅವರ ಬರಹಗಳಲ್ಲಿ ಆ ಮಾತು ಆ ರೂಪದಲ್ಲಿ ಸಿಕ್ಕುವುದಿಲ್ಲ. ಅವರು ನಿಜವಾಗಿ ಬರೆದದ್ದು ಇದಕ್ಕಿಂತ ಕಷ್ಟದ್ದು. ಆತ್ಮನಿವೇದನೆಯ ಹತ್ತನೇ ಭಾಗದಲ್ಲಿ, ಹೊಸದಾಗಿ ವಿಶ್ವಾಸಕ್ಕೆ ಬಂದಾಗ ಇಗರ್ಜಿಯ ಹಾಡು ಕೇಳಿ ಅತ್ತದ್ದನ್ನು ನೆನೆಯುತ್ತಾರೆ. ಹಾಡಿನ ಅರ್ಥಕ್ಕಿಂತ ಹಾಡುವ ಧ್ವನಿಯೇ ತನ್ನನ್ನು ಹೆಚ್ಚು ಕದಲಿಸಿದರೆ ಅದು ತನ್ನ ಪಾಪ, ಆಗ ಆ ಹಾಡು ಕೇಳದಿದ್ದರೇ ಒಳ್ಳೆಯದಿತ್ತು ಎಂದೂ ಒಪ್ಪಿಕೊಳ್ಳುತ್ತಾರೆ. ಆದರೂ ಕೊನೆಗೆ ಇಗರ್ಜಿಯಲ್ಲಿ ಹಾಡುವ ರೂಢಿಯ ಕಡೆಗೇ ವಾಲುತ್ತಾರೆ. ನಿಮ್ಮ ಮಗ ಓದುವವನಾದರೆ ಅವನ ಕೈಗೆ ಆ ಪುಟ ಕೊಡಿ. ಭಾನುವಾರ ಚೆನ್ನಾಗಿ ನುಡಿಸಿ ಚಪ್ಪಾಳೆಗೆ ಕಾಯುವ ಪ್ರತಿಯೊಬ್ಬ ವಾದ್ಯಗಾರನಿಗೂ ಅದು ತಾಗುತ್ತದೆ, ನನಗೂ.

ಇನ್ನೊಂದು ಕಟ್ಟುಕಥೆ ಪ್ರಾರ್ಥನಾ ಕೂಟಗಳಲ್ಲೂ ರಾಕ್ ಸಂಗೀತದ ಹುಡುಗರಲ್ಲೂ ಒಂದೇ ರೀತಿ ಓಡಾಡುತ್ತದೆ. ಮಧ್ಯಯುಗದಲ್ಲಿ ‘ಸೈತಾನನ ಸ್ವರಾಂತರ’ವನ್ನು ಚರ್ಚು ನಿಷೇಧಿಸಿತ್ತಂತೆ. ಅಂಥ ಆಜ್ಞೆ ಯಾವುದೂ ಇಲ್ಲ. ಆ ಅಂತರವನ್ನು ಹಾಡುವುದು ಕಷ್ಟ, ಕಿವಿಗೆ ಒರಟು ಎಂದು ರಚನಕಾರರು ತಪ್ಪಿಸುತ್ತಿದ್ದರು. ‘ಸೈತಾನ’ ಎಂಬ ಅಡ್ಡಹೆಸರು ಅಂಟಿದ್ದು ಬಹಳ ತಡವಾಗಿ. ನಮ್ಮ ಕರ್ನಾಟಕ ಸಂಗೀತದಲ್ಲಿ ಅದು ಷಡ್ಜದಿಂದ ಪ್ರತಿ ಮಧ್ಯಮಕ್ಕಿರುವ ದೂರ, ಅಷ್ಟೆ. 72 ಮೇಳಕರ್ತಗಳಲ್ಲಿ 36ರಲ್ಲಿ ಪ್ರತಿ ಮಧ್ಯಮ ಇದೆ. ಅದು ಸೈತಾನನದ್ದಾದರೆ ಕಲ್ಯಾಣಿ ರಾಗ ಹಾಡಿದವರೆಲ್ಲ ನರಕಕ್ಕೆ!

ಸಿನಿಮಾ ಧಾಟಿಯ ಬಗ್ಗೆ ಮಾತ್ರ ನಾನು ಅರ್ಧ ನಾದಿನಿಯ ಕಡೆ. ಸಿನಿಮಾ ಹಾಡಿಗೆ ಭಕ್ತಿಯ ಮಾತು ತುಂಬಿ ಪೂಜೆಯಲ್ಲಿ ಹಾಡಿದರೆ ಕೇಳುವವನ ತಲೆಯಲ್ಲಿ ಓಡುವುದು ಆ ಸಿನಿಮಾದ ದೃಶ್ಯವೇ. ಇದನ್ನು ಜರ್ಮನಿಯ ಪ್ರೊಟೆಸ್ಟಂಟ್ ಸುಧಾರಕ ಲೂಥರ್ ಚೆನ್ನಾಗಿ ತಿಳಿದಿದ್ದರು. ಅವರು ಹೆಂಡದಂಗಡಿಯ ಹಾಡುಗಳನ್ನೇ ಚರ್ಚಿಗೆ ತಂದರು ಎಂದು ಯುವಕರು ವಾದಕ್ಕೆ ಎತ್ತುವುದುಂಟು; ಅದು ಸುಳ್ಳು. 1535ರಲ್ಲಿ ಅವರ ಒಂದು ಕ್ರಿಸ್‌ಮಸ್ ಗೀತೆ ಜನರ ಒಗಟಿನ ಹಾಡಿನ ಧಾಟಿಯಲ್ಲಿ ಅಚ್ಚಾಯಿತು, ನಿಜ. ನಾಲ್ಕೇ ವರ್ಷದಲ್ಲಿ, 1539ರಲ್ಲಿ, ಅದಕ್ಕೆ ಹೊಸ ಧಾಟಿ ಬಂತು, ಇವತ್ತಿಗೂ ಹಾಡುವುದು ಅದನ್ನೇ. ಪೂಜೆಯಲ್ಲಿ ಸಿನಿಮಾ ಧಾಟಿ ಬೇಡ ಎಂದು ನಾನೂ ಹೇಳುತ್ತೇನೆ. ರಿಸೆಪ್ಶನ್ನಿನಲ್ಲಿ ಅದೇ ಹಾಡು ಇದ್ದಂತೆಯೇ ನುಡಿಸಲಿ, ಅದರಲ್ಲಿ ಪಾಪದ ಮಾತೇ ಬರುವುದಿಲ್ಲ. ಸಂತೋಷವಾಗಿರುವವನು ಹಾಡಲಿ ಎಂದು ಯಾಕೋಬನ ಪತ್ರವೇ ಹೇಳುತ್ತದೆ.

ಇದರ ಜೊತೆ ನಮ್ಮ ಸ್ವಂತ ಚರಿತ್ರೆಯನ್ನೂ ನಾದಿನಿಗೆ ನೆನಪಿಸಿ. ರೋಸ್ ದಿನ ತೆಂಗಿನ ಹಾಲು ಹಚ್ಚುವಾಗ ಹೆಂಗಸರು ಹಾಡುವ ವೊವಿಯೊ ಇಲ್ಲದೆ ನಮ್ಮಲ್ಲಿ ಮದುವೆಯೇ ಇಲ್ಲ. ಗೋವಾದ ಇನ್‌ಕ್ವಿಸಿಶನ್ (ಚರ್ಚಿನ ವಿಚಾರಣಾ ನ್ಯಾಯಾಲಯ) 1736ರಲ್ಲಿ ಹೊರಡಿಸಿದ ಆಜ್ಞೆಯಲ್ಲಿ ಕ್ರೈಸ್ತರ ಮದುವೆಗಳಲ್ಲಿ ಈ ವೊವಿಯೊ ಹಾಡುವುದನ್ನೇ ನಿಷೇಧಿಸಿತ್ತು, ಹಿಂದೂ ರೂಢಿಯದ್ದು ಎಂದು. ನಮ್ಮ ಪೂರ್ವಜರು ಗೋವಾ ಬಿಟ್ಟು ಕೆನರಾಕ್ಕೆ ಬಂದಾಗ ಹಾಡೂ ಜೊತೆಗೇ ಬಂತು. ಆಗ ಅಪವಿತ್ರ ಎನಿಸಿಕೊಂಡದ್ದನ್ನು ಈಗ ನಮ್ಮ ಸಂಪ್ರದಾಯ ಎಂದು ವೇದಿಕೆಯ ಮೇಲೆ ಹಾಡಿಸುತ್ತೇವೆ. ಅದಕ್ಕೂ ಮೊದಲು, 1616ರಲ್ಲೇ, ಥಾಮಸ್ ಸ್ಟೀಫನ್ಸ್ ಎಂಬ ಜೆಸ್ವಿತ್ ಪಾದ್ರಿ ಯೇಸುವಿನ ಕಥೆಯನ್ನು ಮರಾಠಿ ಓವಿ ಛಂದಸ್ಸಿನಲ್ಲಿ ಕ್ರಿಸ್ತಪುರಾಣವಾಗಿ ಬರೆದರು, ಪುರಾಣ ಓದಿದ ಹಾಗೆ ರಾಗವಾಗಿ ಓದಲೆಂದೇ. 1907ರಲ್ಲಿ ಅದು ಮಂಗಳೂರಿನಲ್ಲೇ ಮತ್ತೆ ಅಚ್ಚಾಯಿತು. ಅದೇ ದೇಶದಲ್ಲಿ ಒಬ್ಬ ಪಾದ್ರಿ ಈ ನೆಲದ ಧಾಟಿಯಲ್ಲಿ ಯೇಸುವನ್ನು ಹಾಡಿಸಿದ, ಮುಂದಿನವರು ಆ ಧಾಟಿಯನ್ನೇ ಹೊರಗೆ ಹಾಕಿದರು. ಎರಡೂ ನಮ್ಮ ಸಭೆಯ ಚರಿತ್ರೆಯೇ.

ಭಜನಾ ಮಂದಿರದ ಪ್ರಶ್ನೆ ನಿಜವಾಗಿಯೂ ಸೂಕ್ಷ್ಮದ್ದು. ಹಾರ್ಮೋನಿಯಂ ಮೊದಲು ಹುಟ್ಟಿದ್ದು ಪ್ಯಾರಿಸ್ಸಿನಲ್ಲಿ, 1840ರ ದಶಕದ ಆರಂಭದಲ್ಲಿ. ಕಾಲಲ್ಲಿ ತುಳಿಯುವ ಆ ಪೆಟ್ಟಿಗೆ ಯುರೋಪಿಯನ್ನರ ಜೊತೆ, ಮಿಷನರಿಗಳ ಜೊತೆ ಇಲ್ಲಿಗೆ ಬಂತು. ನೆಲದ ಮೇಲೆ ಕೂತು ಎಡಗೈಯಲ್ಲಿ ತಿದಿ ಒತ್ತುವ ಈಗಿನ ರೂಪ ಕೊಟ್ಟದ್ದು ಕಲ್ಕತ್ತದ ದ್ವಾರಕಾನಾಥ ಘೋಷ್. ಇದು ಭಾರತೀಯ ಸಂಗೀತಕ್ಕೆ ಹೊಂದುವುದಿಲ್ಲ ಎಂದು ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು! ಹಾಗಾಗಿ ಇಗರ್ಜಿಗೂ ಮಂದಿರಕ್ಕೂ ಈ ಪೆಟ್ಟಿಗೆಯ ಮಟ್ಟಿಗೆ ನೆಂಟಸ್ತಿಕೆ ಹಳೆಯದು. ‘ಭಜನೆಗೆ ನುಡಿಸಿದ ಕೈಯಲ್ಲಿ ಪೂಜೆಗೆ ನುಡಿಸಬಾರದು’ ಎಂಬ ನಿಯಮ ನಮ್ಮ ಸಭೆಯಲ್ಲಿ ಇಲ್ಲ. 1965ರ ವತಿಕನ್ ಮಹಾಸಭೆಯ ದಸ್ತಾವೇಜು, ಇತರ ಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದ ಯಾವುದನ್ನೂ ಸಭೆ ತಿರಸ್ಕರಿಸುವುದಿಲ್ಲ ಎಂದಿದೆ. ಕೊಚ್ಚಿಯ ಲ್ಯಾಟಿನ್ ಕಥೋಲಿಕ್ ಮನೆಯಲ್ಲಿ ಹುಟ್ಟಿದ ಯೇಸುದಾಸ್ ವರ್ಷ ವರ್ಷ ಹುಟ್ಟುಹಬ್ಬಕ್ಕೆ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ ಹಾಡಿದ್ದು ಈ ಕರಾವಳಿಗೆ ಗೊತ್ತಿಲ್ಲದ್ದೇನಲ್ಲ.

ಆದರೆ ಅದೇ ದಸ್ತಾವೇಜು ಕ್ರಿಸ್ತನನ್ನು ಸಾರುವುದನ್ನು ಬಿಡಬೇಕೆಂದಿಲ್ಲ. ಇನ್ನೊಬ್ಬರ ಆರಾಧನೆಯಲ್ಲಿ ಆರಾಧಕನಾಗಿ ಸೇರುವುದನ್ನು ಸಭೆ ಒಪ್ಪುವುದೂ ಇಲ್ಲ. ನೆರೆಮನೆಯವನಾಗಿ ಶ್ರುತಿ ಹಿಡಿದು ನುಡಿಸಿ ಬರುವುದು ಬೇರೆ, ಮಂಗಳಾರತಿಯಲ್ಲಿ ಸೇರುವುದು ಬೇರೆ. ನಡುವಿನ ಗೆರೆ ಎಲ್ಲಿ ಎಂಬುದರಲ್ಲಿ ಪಾದ್ರಿಗಳಲ್ಲೇ ಅಭಿಪ್ರಾಯ ಭೇದವಿದೆ, ಅದನ್ನು ಮುಚ್ಚಿಡುವುದಿಲ್ಲ. ನಿಮ್ಮ ಮುಂದಿರುವ ದಾರಿಗಳು ಇಷ್ಟು. ಪೂರ್ತಿ ನಿಲ್ಲಿಸಿದರೆ ಮನೆಯಲ್ಲಿ ಮಾತು ಮುಗಿಯುತ್ತದೆ. ಆದರೆ ಎದುರುಮನೆಯವರಿಗೆ ಏನು ಕಾರಣ ಹೇಳುತ್ತೀರಿ? ನಾಳೆ ನಿಮ್ಮ ಮನೆಯ ಕಷ್ಟಸುಖಕ್ಕೆ ಮೊದಲು ಬರುವವರು ಅವರೇ. ಹುಡುಗನಿಗೂ ತನ್ನ ಕೈಯೇ ಮೈಲಿಗೆ ಎನಿಸಿಬಿಡಬಹುದು. ಏನೂ ಕೇಳದೆ ಮುಂದುವರಿಸಿದರೆ ಒಂದು ದಿನ ಪ್ಯಾರಿಶ್ ಕೌನ್ಸಿಲಿನಲ್ಲಿ ಯಾರಾದರೂ ಎತ್ತಿ, ಎಲ್ಲರೆದುರು ಅವನಿಗೆ ಅವಮಾನವಾಗಬಹುದು. ನಾನಾದರೆ ಅವನನ್ನು ಕರೆದುಕೊಂಡು ಫಾದರ್ ಹತ್ತಿರ ಹೋಗಿ, ಅವನ ಬಾಯಿಂದಲೇ ವಿಷಯ ಹೇಳಿಸುತ್ತೇನೆ. ‘ಅಪರೂಪಕ್ಕೆ ಹೋಗುತ್ತೇನೆ, ನುಡಿಸಿ ಬರುತ್ತೇನೆ’ ಎಂದು ಮೊದಲೇ ತಿಳಿಸಿದ್ದಕ್ಕೂ, ಬೇರೆಯವರಿಂದ ಫಾದರ್ ಕಿವಿಗೆ ಬಿದ್ದದ್ದಕ್ಕೂ ಬಹಳ ವ್ಯತ್ಯಾಸವಿದೆ. ಅವರು ಬೇಡ ಎಂದರೆ ಕಾರಣ ಕೇಳಿ, ಮನೆಯಲ್ಲಿ ಕೂತು ಯೋಚಿಸಿ. ಮಂದಿರದ ಹಿರಿಯರಿಗೂ ಒಂದು ಮಾತು ಹೇಳಿ. ಅವರಿಗೂ ಅವರವರ ಕಡೆಯ ಮಾತು ಕೇಳಬೇಕಾಗಿ ಬರುತ್ತದೆ.

ಅತ್ತೆಯವರ ತಪಸ್ಸು ಕಾಲದ ವಿಷಯ ಸುಲಭ. ನಿಯಮ ಇರುವುದು ಇಗರ್ಜಿಯೊಳಗಿನ ವಾದ್ಯಕ್ಕೆ. ರೋಮನ್ ಮಿಸ್ಸಲಿನ (ಪೂಜೆಯ ಪುಸ್ತಕದ) ಸಾಮಾನ್ಯ ನಿರ್ದೇಶನದ ಪ್ರಕಾರ ಆ ದಿನಗಳಲ್ಲಿ ವಾದ್ಯ ಹಾಡಿಗೆ ಆಸರೆಯಾಗಿ ಮಾತ್ರ ಇರಬೇಕು, ಹಾಡಿಲ್ಲದ ಬರೀ ವಾದನ ಬೇಡ. ಅದಕ್ಕೂ ವಿನಾಯಿತಿ ಇದೆ: ನಾಲ್ಕನೇ ಭಾನುವಾರ, ಮಾರ್ಚ್ 19ರ ಸಂತ ಜೋಸೆಫರ ಹಬ್ಬ, ಮಾರ್ಚ್ 25ರ ದೇವದೂತನ ಸಂದೇಶದ ಹಬ್ಬ, ಇಂಥ ದಿನಗಳಲ್ಲಿ ನುಡಿಸಬಹುದು. ಅಲ್ಲೆಲೂಯ ಪಾಸ್ಖ (ಈಸ್ಟರ್) ಜಾಗರಣೆಯವರೆಗೆ ಇಲ್ಲ. ಪವಿತ್ರ ಗುರುವಾರ ಮಹಿಮೆ ಗೀತೆ (ಗ್ಲೋರಿಯಾ) ಮುಗಿದ ಮೇಲೆ ಜಾಗರಣೆಯ ಮಹಿಮೆ ಗೀತೆಯವರೆಗೆ ಗಂಟೆಯೂ ಮೌನ. ಮನೆಯ ರೇಡಿಯೋ, ಮಗನ ಅಭ್ಯಾಸದ ಬಗ್ಗೆ ಸಭೆ ಏನೂ ಹೇಳಿಲ್ಲ. ಅತ್ತೆಯವರದ್ದು ಅವರ ತಾಯಿಯ ಕಾಲದಿಂದ ಬಂದ ವ್ರತವಿರಬೇಕು. ಅದನ್ನು ಮೂಢನಂಬಿಕೆ ಎಂದು ಹುಡುಗನ ಎದುರು ಆಡಬೇಡಿ. ‘ಮಾಂಯ್, ಇಗರ್ಜಿಗೆ ಬೇಕಾದ ಹಾಡು ಕಲಿಯುತ್ತಾನೆ, ಇಯರ್‌ಫೋನ್ ಹಾಕಿಕೊಂಡು’ ಎಂದರೆ ಬಹುಶಃ ಒಪ್ಪುತ್ತಾರೆ. ಶುಕ್ರವಾರಗಳಲ್ಲಿ ಅಭ್ಯಾಸವೂ ಬೇಡ ಎಂದು ಅವನೇ ಒಂದು ಹೆಜ್ಜೆ ಹಿಂದೆ ಬಂದರೆ ಇನ್ನೂ ಒಳ್ಳೆಯದು.

ಈಗ ಇಗರ್ಜಿಯ ಜಗಳ. ಇದರ ಬಗ್ಗೆ ನಾನು ಸ್ವಲ್ಪ ಉದ್ದ ಬರೆಯುತ್ತೇನೆ, ನನ್ನ ಕಸುಬು ಇದೇ.

ಹಿರಿಯರು ‘ಹಳೇ ಪದ್ಧತಿ’ ಎನ್ನುವಾಗ ಎಷ್ಟು ಹಳೆಯದು ಎಂದು ಕೇಳಬೇಕಾಗುತ್ತದೆ. 1903ರಲ್ಲಿ ಹತ್ತನೇ ಪಿಯೂಸ್ ಪೋಪರು ಹೊರಡಿಸಿದ ಸಂಗೀತದ ನಿಯಮದಲ್ಲಿ ಪಿಯಾನೋ ನಿಷಿದ್ಧ, ಡ್ರಮ್ ನಿಷಿದ್ಧ, ಜೊತೆಗೆ ಗಾಯನ ಮಂಡಳಿಯಲ್ಲಿ ಹೆಂಗಸರೂ ನಿಷಿದ್ಧ! ಅದನ್ನು ಹಾಗೇ ಪಾಲಿಸಿದರೆ ನಿಮ್ಮ ಮಂಡಳಿಯಲ್ಲಿ ಉಳಿಯುವವರು ಯಾರು? 1963ರ ಡಿಸೆಂಬರಿನಲ್ಲಿ ವತಿಕನ್ ಮಹಾಸಭೆ ಆರಾಧನಾವಿಧಿಯ ದಸ್ತಾವೇಜು ಕೊಟ್ಟ ಮೇಲೆಯೇ ಜನರ ಭಾಷೆಯಲ್ಲಿ ಹಾಡಿನ ಪೂಜೆ ಬಂದದ್ದು. ಹಿರಿಯರು ‘ಹಳೇ ಹಾಡು’ ಎನ್ನುವ ಎಷ್ಟೋ ಪೂಜೆಯ ಹಾಡುಗಳು ಅವರ ಯೌವನದಲ್ಲಿ ಹೊಸದಾಗಿ ಬಂದವು. ಆ ದಸ್ತಾವೇಜು ಗ್ರೆಗೋರಿಯನ್ ಗಾನಕ್ಕೆ ಮೊದಲ ಸ್ಥಾನ ಕೊಡುತ್ತದೆ, ಪೈಪ್ ಆರ್ಗನ್ನನ್ನು ಹೊಗಳುತ್ತದೆ. ಬೇರೆ ವಾದ್ಯಗಳನ್ನೂ ಆಯಾ ಪ್ರಾಂತ್ಯದ ಧರ್ಮಾಧ್ಯಕ್ಷರ (ಬಿಷಪರ) ಒಪ್ಪಿಗೆಯಿಂದ, ಪವಿತ್ರ ಕಾರ್ಯಕ್ಕೆ ತಕ್ಕದ್ದಾದರೆ ಬಳಸಬಹುದು ಎನ್ನುತ್ತದೆ. ಮಿಷನ್ ನಾಡುಗಳ ಜನರಿಗೆ ತಮ್ಮದೇ ಸಂಗೀತ ಪರಂಪರೆ ಇದೆ, ಅದಕ್ಕೆ ತಕ್ಕ ಗೌರವ ಸಲ್ಲಬೇಕು ಎಂಬ ಮಾತೂ ಅದರಲ್ಲಿದೆ. ತಬಲಾ ಬೇಕೋ ಬೇಡವೋ ಎಂದು ಜಗಳಾಡುವವರು ಆ ಭಾಗವನ್ನು ಓದಿರುವುದು ಅಪರೂಪ.

ಯುವಕರ ಟ್ರ್ಯಾಕಿನ ವಿಷಯದಲ್ಲಿ ನಾನು ಹಿರಿಯರ ಕಡೆ, ಪೂರ್ತಿ. 1958ರ ಸೆಪ್ಟೆಂಬರಿನಲ್ಲಿ ರೋಮ್ ಹೊರಡಿಸಿದ ಸಂಗೀತದ ಸೂಚನೆ ಫೋನೋಗ್ರಾಫ್, ಟೇಪ್‌ರೆಕಾರ್ಡರ್, ತಾನೇ ನುಡಿಯುವ ಯಂತ್ರಗಳು ಆರಾಧನಾವಿಧಿಯಲ್ಲಿ ಸಲ್ಲವೆಂದು ಖಡಾಖಂಡಿತ ಹೇಳಿತ್ತು. ಮೊಬೈಲಿನಿಂದ ಸ್ಪೀಕರಿಗೆ ಕೊಡುವ ಟ್ರ್ಯಾಕ್ ಅದೇ ಜಾತಿಯದ್ದು. ನಿಯಮ ಬದಿಗಿಡಿ, ಕೆಲಸದ ದೃಷ್ಟಿಯಿಂದಲೇ ನೋಡಿ. ಪರಮಪ್ರಸಾದದ ಸಾಲು ಮುಗಿಯುವವರೆಗೆ ಹಾಡು ಹೋಗಬೇಕು. ಟ್ರ್ಯಾಕ್ ಕಾಯುವುದಿಲ್ಲ, ಓಡುವುದೂ ಇಲ್ಲ. ಅಜ್ಜಿಯೊಬ್ಬರು ಚರಣದ ಕೊನೆಯಲ್ಲಿ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಅದು ಮುಂದಿನ ಸಾಲಿಗೆ ಹೋಗಿಯಾಗಿರುತ್ತದೆ. ಎಲ್ಲಕ್ಕಿಂತ ದೊಡ್ಡ ತೊಂದರೆ ಶ್ರುತಿಯದ್ದು. ಟ್ರ್ಯಾಕುಗಳು ಸ್ಟುಡಿಯೋದಲ್ಲಿ ಹಾಡುವ ಗಾಯಕಿಯ ಕಂಠಕ್ಕೆ ಮಾಡಿದವು. ಬೆಳಿಗ್ಗೆ ಏಳರ ಪೂಜೆಗೆ, ಒಂದು ಲೋಟ ಚಾ ಕೂಡ ಕುಡಿಯದೆ ಬಂದ ಗಂಟಲಿಗೆ ಅದು ಏರುವುದಿಲ್ಲ. ಏರದಿದ್ದಾಗ ಜನ ಬಾಯಿ ಮುಚ್ಚುತ್ತಾರೆ. ಆಮೇಲೆ ‘ನಮ್ಮ ಇಗರ್ಜಿಯಲ್ಲಿ ಭಕ್ತಿ ಕಡಿಮೆಯಾಗಿದೆ’ ಎಂದು ಪ್ರಬೋಧನೆಯಲ್ಲಿ ಕೇಳಬೇಕಾಗುತ್ತದೆ.

ನಿಮ್ಮ ಮಗನಿಗೆ ಇದನ್ನು ಓದಿ ಹೇಳಿ, ಅವನಿಗೆ ತಕ್ಷಣ ಅರ್ಥವಾಗುತ್ತದೆ. ಬಹಳ ಹಾಡುಗಳು ಷಡ್ಜ ಬಿಳಿ ನಾಲ್ಕರಲ್ಲಿ (ಸಿ ಯಿಂದ ಎಣಿಸಿದ ನಾಲ್ಕನೇ ಬಿಳಿ ಮನೆ, ಎಫ್) ಅಚ್ಚಾಗಿರುತ್ತವೆ. ಹಾಡು ತಾರ ಸ್ಥಾಯಿಯ ರಿ ಮುಟ್ಟಿದರೆ ಅದು ಬಿಳಿ ಐದು. ಕಲಿತವರಿಗೆ ಸರಿ, ಜನರಿಗೆ ಎತ್ತರ. ಕೀಬೋರ್ಡಿನ ಟ್ರಾನ್ಸ್‌ಪೋಸ್ ಗುಂಡಿಯನ್ನು ಮೈನಸ್ ಐದಕ್ಕೆ ಇಳಿಸಿದರೆ ಷಡ್ಜ ಬಿಳಿ ಒಂದಕ್ಕೆ ಬರುತ್ತದೆ, ಆ ರಿ ಬಿಳಿ ಎರಡರಲ್ಲಿ ನಿಲ್ಲುತ್ತದೆ. ಹೆಂಗಸರಿಗೂ ಒಂದು ಸ್ಥಾಯಿ ಕೆಳಗೆ ಹಾಡುವ ಗಂಡಸರಿಗೂ ಅದು ಹಿಡಿತದಲ್ಲಿರುತ್ತದೆ. ಹಾಡು ಮಂದ್ರ ಪಂಚಮಕ್ಕೂ ಇಳಿಯುವಂಥದ್ದಾದರೆ ಮೈನಸ್ ಮೂರಕ್ಕೆ ನಿಲ್ಲಿಸಿ, ಇಲ್ಲದಿದ್ದರೆ ಕೆಳಗೆ ಧ್ವನಿಯೇ ಕೇಳದು. ಯಕ್ಷಗಾನ ಮೇಳದಲ್ಲಿ ಆಯಾ ಭಾಗವತರ ಕಂಠಕ್ಕೆ ಶ್ರುತಿ ಇಟ್ಟೇ ಆಟ ಸುರು ಮಾಡುತ್ತಾರೆ. ಇಗರ್ಜಿಯಲ್ಲಿ ಭಾಗವತರು ಬೆಂಚಿನಲ್ಲಿ ಕೂತವರು. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಕೂಗಳತೆಯಲ್ಲಿರುವ ನಮಗೆ ಇದನ್ನು ಹೊರಗಿನವರು ಬಂದು ಕಲಿಸಬೇಕಾಗಿಲ್ಲ.

ಇನ್ನೆರಡು ಸಣ್ಣ ಕೆಲಸ. ಮಂಡಳಿಯ ಮೈಕಿನ ಧ್ವನಿ ಇಳಿಸಿ. ತನ್ನ ಧ್ವನಿ ತನಗೇ ಕೇಳದಿದ್ದರೆ ಯಾರೂ ಹಾಡುವುದಿಲ್ಲ, ಪಕ್ಕದವನ ಧ್ವನಿ ಕೇಳದಿದ್ದರೆ ಧೈರ್ಯ ಬರುವುದಿಲ್ಲ. ಗೊತ್ತಿರುವ ಹಾಡಿನ ಕೊನೆಯ ಪಲ್ಲವಿಗೆ ಕೀಬೋರ್ಡಿನಿಂದ ಕೈ ಎತ್ತಿ ಸುಮ್ಮನೆ ನಿಲ್ಲಲಿ. ಜನ ಹಾಡುತ್ತಿದ್ದಾರೋ ಇಲ್ಲವೋ ಆ ಕ್ಷಣಕ್ಕೆ ತಿಳಿಯುತ್ತದೆ. ಹೊಸ ಹಾಡು ತಿಂಗಳಿಗೊಂದೇ ಸಾಕು, ಪೂಜೆಗೆ ಮೊದಲು ಜನರಿಗೂ ಎರಡು ಸಲ ಹೇಳಿಕೊಟ್ಟು.

ಭಾಷೆಯ ಬಗ್ಗೆ ನೀವು ಕೇಳಿಲ್ಲ, ಆದರೆ ಕಾಸರಗೋಡಿನಲ್ಲಿ ಅದನ್ನು ಬಿಟ್ಟು ಹಾಡಿನ ಮಾತಾಡಲಾಗದು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ತುಳು ಮಲಯಾಳ. ಮಲಯಾಳದಲ್ಲಿ ಭಕ್ತಿಗೀತೆಗಳ ಹೊಳೆಯೇ ಹರಿಯುವುದರಿಂದ ಯುವಕರು ಅದನ್ನೇ ಎತ್ತಿ, ಮೇಲೆ ಕನ್ನಡ ಮಾತು ಕೂರಿಸುತ್ತಾರೆ. ಅಲ್ಲಿ ದೀರ್ಘ ಇರಬೇಕಾದ ಕಡೆ ಹ್ರಸ್ವ ಬಂದು, ‘ದೇವ’ ‘ದೆವ’ ಆಗಿ ಕೇಳಿಸುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನಿನವರಿಗೂ ಜರ್ಮನ್ ಧಾಟಿಗೆ ಕನ್ನಡ ಹೊಂದಿಸುವಾಗ ಇದೇ ತಾಪತ್ರಯ. ಕಿಟ್ಟೆಲ್ ಸುಮ್ಮನೆ ಕೂರಲಿಲ್ಲ, ಕನ್ನಡದ ಛಂದಸ್ಸನ್ನೇ ಕಲಿತರು. ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಸಂಪಾದಿಸಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಮಾತು ಕೂರಿಸುವ ಮೊದಲು ಸಾಲನ್ನು ತಾಳ ಹಾಕಿ ಓದಿ ನೋಡಿ ಎಂದಷ್ಟೇ ನಿಮ್ಮ ಯುವಕರಿಗೆ ನನ್ನ ವಿನಂತಿ. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲದಿದ್ದರೂ ಯೇಸುವಿನ ಕೊನೆಯ ದಿನದ ಮೇಲೆ ‘ಗೊಲ್ಗೊಥಾ’ ಎಂಬ ಖಂಡಕಾವ್ಯ ಬರೆದಿದ್ದಾರೆ. ಶುಭ ಶುಕ್ರವಾರಕ್ಕೆ ಮುನ್ನ ಅದನ್ನೊಮ್ಮೆ ಗಟ್ಟಿಯಾಗಿ ಓದಿದರೆ ಕನ್ನಡದ ಓಟ ಕಿವಿಗೆ ಹತ್ತುತ್ತದೆ.

ಮದುವೆಯ ಟ್ರೂಪ್, ದುಡ್ಡು. ದುಡಿದದ್ದಕ್ಕೆ ದುಡ್ಡು ತೆಗೆದುಕೊಳ್ಳುವುದರಲ್ಲಿ ಅಶುದ್ಧ ಏನಿಲ್ಲ. ಪರ ಊರಿನ ಇಗರ್ಜಿ ಹಬ್ಬಕ್ಕೆ ಕರೆದಾಗಲೂ ಬಸ್ ಖರ್ಚಾದರೂ ಕೇಳಲಿ, ಪುಕ್ಕಟೆ ಎಂದರೆ ಹುಡುಗರನ್ನು ದುಡಿಸಿಕೊಳ್ಳುವವರು ಬೇಕಾದಷ್ಟಿದ್ದಾರೆ. ನೀವು ನೋಡಿಕೊಳ್ಳಬೇಕಾದದ್ದು ಬೇರೆ. ರಾತ್ರಿ ಹತ್ತರ ನಂತರ ಬಯಲಿನಲ್ಲಿ ಧ್ವನಿವರ್ಧಕ ಕಾನೂನಿನಲ್ಲೇ ಇಲ್ಲ, ಆದರೆ ಕಾರ್ಯಕ್ರಮ ಮುಗಿದ ಮೇಲೆ ಇವನನ್ನು ಮನೆಗೆ ತಂದು ಬಿಡುವವರು ಯಾರು, ಅವರು ಕುಡಿದಿರುತ್ತಾರಾ? ಇದನ್ನು ಟ್ರೂಪಿನ ಯಜಮಾನನ ಹತ್ತಿರ ನೀವೇ ಮಾತಾಡಿ. ಎರಡನೆಯದು ಕಿವಿ. 85 ಡೆಸಿಬೆಲ್ ಸದ್ದನ್ನು ದಿನಕ್ಕೆ ಎಂಟು ಗಂಟೆ ತಡೆಯಬಹುದು ಎಂಬುದು ಲೆಕ್ಕ. ಪ್ರತಿ 3 ಡೆಸಿಬೆಲ್ ಏರಿದಾಗ ಸಮಯ ಅರ್ಧವಾಗುತ್ತದೆ. 100ಕ್ಕೆ ಬಂದರೆ ಕಾಲು ಗಂಟೆ ಮಾತ್ರ. ರಿಸೆಪ್ಶನ್ ವೇದಿಕೆಯಲ್ಲಿ ಡ್ರಮ್ಸಿನ ಪಕ್ಕ, ಮಾನಿಟರ್ ಸ್ಪೀಕರಿನ ಎದುರು ಕೂತವನಿಗೆ ನೂರು ಏನೂ ದೊಡ್ಡದಲ್ಲ. ಇಯರ್‌ಪ್ಲಗ್ ಹಾಕಿಕೊಳ್ಳಲಿ. ಮನೆಗೆ ಬಂದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ ಆ ಜಾಗ ಬದಲಿಸಬೇಕು ಎಂದರ್ಥ. ಪರೀಕ್ಷೆಯ ತಿಂಗಳಲ್ಲಿ ಟ್ರೂಪ್ ಬೇಡ ಎಂದು ನೀವು ಹೇಳಿದರೆ ಅವನು ಕೋಪಿಸಿಕೊಳ್ಳಲಾರ. ತಪಸ್ಸು ಕಾಲದಲ್ಲಿ ನಮ್ಮವರಲ್ಲಿ ಹೇಗೂ ಮದುವೆ ಕಡಿಮೆ, ಆ ಬಿಡುವು ತಾನಾಗಿ ಸಿಗುತ್ತದೆ.

ಎಲ್ಲ ಬಿಡಿಸಿ ಕೂರಿಸಿದರೆ ಆಗುವ ಅಪಾಯವನ್ನೂ ಹೇಳಬೇಕು. ಹೀಗೆ ಬಿಡಿಸಿದ ಹುಡುಗರು ಮೊದಲು ಬಿಡುವುದು ಇಗರ್ಜಿಯ ಕೀಬೋರ್ಡನ್ನು, ಯಾಕೆಂದರೆ ಬೈಗುಳ ಬಂದದ್ದು ಅದರ ಹೆಸರಿನಲ್ಲಿ. ಟ್ರೂಪನ್ನು ಎರಡು ವರ್ಷ ಕಳೆದು, ಕಾಲೇಜಿಗೆ ಮಂಗಳೂರಿಗೆ ಹೋದ ಮೇಲೆ ಹಿಡಿಯುತ್ತಾರೆ, ಆಗ ನಿಮ್ಮನ್ನು ಕೇಳುವುದಿಲ್ಲ. ನಾದಿನಿ ಮತ್ತೆ ಅವನೆದುರು ಮಾತೆತ್ತಿದರೆ ನೀವೇ ನಡುವೆ ಬನ್ನಿ. ‘ನನ್ನ ಹತ್ತಿರ ಹೇಳು, ಅವನ ಹತ್ತಿರ ಬೇಡ’ ಎಂದರೆ ಸಾಕು. ವಾದಕ್ಕೆ ಆಮೋಸ ಪ್ರವಾದಿಯ ಐದನೇ ಅಧ್ಯಾಯ ಅವಳಿಗೂ ಗೊತ್ತಿರಬಹುದು. ಅಲ್ಲಿ ದೇವರು ನಿಮ್ಮ ಹಾಡುಗಳ ಗದ್ದಲ ನನ್ನಿಂದ ತೊಲಗಿಸಿ ಎನ್ನುವುದು ನಿಜ. ದೇವರು ಸಿಟ್ಟಾದದ್ದು ವೀಣೆಯ ಮೇಲಲ್ಲ, ಬಡವರನ್ನು ತುಳಿದು ನ್ಯಾಯ ಮಾರಿಕೊಂಡು ಬಂದು ಹಾಡುತ್ತಿದ್ದವರ ಮೇಲೆ. ಮುಂದಿನ ವಚನವನ್ನೂ ಓದಿದರೆ ತಿಳಿಯುತ್ತದೆ.

ಕೀಬೋರ್ಡ್ ತೆಗೆದುಕೊಡಿ, ಆದರೆ ದೊಡ್ಡದು ಬೇಡ. 61 ಮನೆಯದ್ದು (61 ಕೀಗಳದ್ದು), ಒತ್ತಿದ ಬಲಕ್ಕೆ ತಕ್ಕಂತೆ ಧ್ವನಿ ಏರಿಳಿಯುವಂಥದ್ದು, ಟ್ರಾನ್ಸ್‌ಪೋಸ್ ಗುಂಡಿ ಮೇಲೆಯೇ ಇರುವಂಥದ್ದು ನೋಡಿ. ನೂರಾರು ರಿದಮ್ ಇರುವ ದುಬಾರಿ ಮಾಡೆಲ್ ಅಂಗಡಿಯವರು ತೋರಿಸುತ್ತಾರೆ. ಆ ರಿದಮ್ ಕೂಡ ಒಂದು ಬಗೆಯ ಟ್ರ್ಯಾಕೇ, ಪೂಜೆಗೆ ಬೇಡ. ಇಗರ್ಜಿಯ ಅಟ್ಟದಲ್ಲಿ ಹಳೇ ಹಾರ್ಮೋನಿಯಂ ಬಿದ್ದಿದ್ದರೆ ಫಾದರ್ ಹತ್ತಿರ ಕೇಳಿ ರಿಪೇರಿಗೆ ಕೊಡಿಸಿ. ಸಾಮಾನ್ಯವಾಗಿ ತಿದಿಯ ಬಟ್ಟೆ ಹರಿದಿರುತ್ತದೆ, ಮಳೆಗಾಲದ ತೇವಕ್ಕೆ ಒಂದೆರಡು ರೀಡಿಗೆ ಕಿಲುಬು ಹಿಡಿದಿರುತ್ತದೆ, ಅಷ್ಟೇ. ವಾರದ ದಿನದ ಪೂಜೆಗೆ ಇಪ್ಪತ್ತು ಜನ ಇರುವಾಗ ಅದೇ ಸಾಕು, ಕರೆಂಟ್ ಹೋದರೂ ನಡೆಯುತ್ತದೆ.